ಹಾಳೆ ತಿರುಗಿಸಿ ನೋಡುವ ಜೆರಾಕ್ಸ್ ಅಕ್ಕ

ಕೋರ್ಟಿನ ವ್ಯವಹಾರ ಬಲ್ಲವರು ಬರೆಯಬೇಕಾದ ಸಂಗತಿ ಇದು. ಅವರು ಯಾರೂ ಬರೆಯಲಿಲ್ಲ ಎಂಬ ಒಂದೇ ಧೈರ್ಯದಿಂದ ಇಲ್ಲಿ ಬರೆಯಲಾಗಿದೆ. ಕಾನೂನಿನ ಮಾತಿನಲ್ಲಿ ತಪ್ಪಿದ್ದರೆ ಓದುಗರು ಮನ್ನಿಸಬೇಕು. ಸಿಟ್ಟು ಹೆಚ್ಚಾಯಿತು ಎನಿಸಿದರೆ ಅದಕ್ಕೆ ಮಾತ್ರ ಕ್ಷಮೆ ಕೇಳುವ ಮನಸ್ಸಿಲ್ಲ.

ಬೆಳಗಿನ ಆರು ಗಂಟೆ. ಗುಜರಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಜೆರಾಕ್ಸ್ ಅಕ್ಕ ಕೆಸರು ನಾರುವ ಚೀಲವೊಂದನ್ನು ಬಿಚ್ಚಿ ಕುಳಿತಿದ್ದಾರೆ. ಅಂಟಿಕೊಂಡ ಎರಡು ಹಾಳೆಗಳ ನಡುವೆ ಹಳೆಯ ಎಕ್ಸ್-ರೇ ಫಿಲ್ಮಿನ ಪಟ್ಟಿ ತೂರಿಸಿ, ಉಸಿರು ಬಿಗಿಹಿಡಿದು ಬಿಡಿಸುತ್ತಾರೆ. ಪಕ್ಕದಲ್ಲಿ ಒಂದು ಸ್ಟೂಲು. ಅದರ ನಡುವೆ ತೂತು ಕೊರೆದು ಮೇಲೆ ಮೊಬೈಲು ಮಲಗಿಸಿದ್ದಾರೆ. ಹಾಳೆ ಸ್ಟೂಲಿನ ಕೆಳಗೆ ಹೋಗುತ್ತದೆ, ಒಂದು ಫೋಟೊ. ತಿರುಗಿಸಿ ಇನ್ನೊಂದು. ಹಿಂಬದಿ ಖಾಲಿಯಿದ್ದರೂ ಇನ್ನೊಂದು.

ಹಾಳೆಗಳನ್ನು ಕ್ಲಿಪ್ಪು ಹಾಕಿ ಹಗ್ಗಕ್ಕೆ ತೂಗುಬಿಡುವುದು ನಾದಿನಿಯ ಕೆಲಸ. "ನಮ್ಮಣ್ಣನ ಒಂದು ಅಂಗೀನಾದ್ರೂ ಇಷ್ಟು ಜೋಪಾನವಾಗಿ ಒಣಗಿಸಿದ್ದೀರಾ ಅತ್ತಿಗೆ?" ಎನ್ನುತ್ತಾರೆ. ಅಕ್ಕ ತಲೆಯೆತ್ತುವುದಿಲ್ಲ. "ನಿಮ್ಮಣ್ಣನ ಅಂಗಿ ಮೇಲೆ ಕೋರ್ಟ್ ಸೀಲ್ ಇದ್ದಿದ್ರೆ ಒಣಗಿಸ್ತಿದ್ದೆ."

ಇಪ್ಪತ್ತೆರಡು ವರ್ಷ ಕೋರ್ಟಿನ ಮೆಟ್ಟಿಲ ಕೆಳಗೆ ನಕಲು ಯಂತ್ರ ನಡೆಸಿದವರು ಇವರು. ನಾಲ್ಕು ತಿಂಗಳ ಹಿಂದೆ ಹೊಳೆ ಉಕ್ಕಿ, ವಕೀಲರ ಕೊಠಡಿಗಳಲ್ಲಿ ಮೂರು ದಿನ ಎದೆಮಟ್ಟದ ನೀರು ನಿಂತಿತು. ಅಕ್ಕನ ಯಂತ್ರ ಹೋಯಿತು, ವಕೀಲರ ಕಡತಗಳು ನೆನೆದವು, ಅರ್ಜಿ ಬಂದ ದಿನ ಬರೆದಿಡುವ ಕೋರ್ಟಿನ ಸ್ವೀಕೃತಿ ವಹಿಗಳು ಕೆಸರಾದವು. ಆಮೇಲೆ ಹೊರಗಿನಿಂದ ಸ್ವಯಂಸೇವಕರ ತಂಡವೊಂದು ವೇಗದ ಸ್ಕ್ಯಾನರುಗಳೊಂದಿಗೆ ಬಂತು. ಹನ್ನೊಂದು ದಿನದಲ್ಲಿ ಎಲ್ಲ ಕಂಪ್ಯೂಟರಿಗೆ ಎಂದು ಸಾರಿತು. ಒದ್ದೆ ಹಾಳೆ ಬಿಡಿಸಲು ಅಕ್ಕನನ್ನು ದಿನಗೂಲಿಗೆ ಕರೆದರು.

ಯಂತ್ರ ಹಾಳೆಯ ಮುಂಬದಿಯನ್ನಷ್ಟೇ ಓದುತ್ತಿದೆ ಎಂಬುದು ಎರಡನೆಯ ದಿನವೇ ಅಕ್ಕನ ಕಣ್ಣಿಗೆ ಬಿತ್ತು. ಅರ್ಜಿ ತಲುಪಿದ ದಿನದ ಮೊಹರನ್ನು ಇಲ್ಲಿನ ಕೋರ್ಟ್ ಕಚೇರಿ ವಕೀಲರ ಪ್ರತಿಯ ಕೊನೆಯ ಹಾಳೆಯ ಹಿಂಬದಿಗೆ ಒತ್ತುತ್ತದೆ. ತಂಡದ ಮುಖ್ಯಸ್ಥನಿಗೆ ಹೇಳಿದರು. ಹಿಂದೆಲ್ಲ ಖಾಲಿಯೇ ಇರುವುದು, ಸುಮ್ಮನೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ ಎಂದು ಅವನು ನಕ್ಕ. ವಕೀಲರ ಸಂಘದ ಕಾರ್ಯದರ್ಶಿಯ ಬಳಿ ಹೋದರು. ಅವರು ಸಮಾರಂಭದ ಆಹ್ವಾನ ಪತ್ರಿಕೆಯ ಕರಡು ತಿದ್ದುತ್ತಿದ್ದರು. "ನಿನ್ನ ಕೆಲಸ ನೀನು ನೋಡಮ್ಮ" ಎಂದರು. ಹನ್ನೆರಡನೆಯ ದಿನ ಹಾರ, ಭಾಷಣ, ಗೋಡೆಗೊಂದು ಫಲಕ: ನೂರಕ್ಕೆ ನೂರು ಕಡತಗಳ ರಕ್ಷಣೆ. ಅದೇ ಹೊತ್ತಿಗೆ ಹಿಂಬಾಗಿಲಿನಿಂದ ಮುನ್ನೂರು ಚೀಲ ಮೂಲ ಕಾಗದ ಗುಜರಿಗೆ ಹೋಯಿತು. ಹಿಂಬದಿಯನ್ನು ಒಬ್ಬರೂ ನೋಡಿರಲಿಲ್ಲ. ಇದಕ್ಕೆ ಪ್ರಕೃತಿ ವಿಕೋಪ ಎಂದು ಹೆಸರಿಡಲು ಬರುವುದಿಲ್ಲ.

ಮರುವಾರ ಆಸ್ಪತ್ರೆಯ ಆಯಾ ಒಬ್ಬರು ಅದೇ ಕಾರ್ಯದರ್ಶಿಯ ಮುಂದೆ ಬಂದು ನಿಂತರು. ಕೆಲಸದಿಂದ ತೆಗೆದದ್ದರ ವಿರುದ್ಧ ಅವರು ಮೂವತ್ತನೆಯ ದಿನ, ಗಡುವು ಮುಗಿಯುವ ದಿನವೇ, ಮೇಲ್ಮನವಿ ಹಾಕಿದ್ದರು. ಎದುರು ಪಕ್ಷದವರು ಈಗ ಅದು ಬಂದದ್ದು ಮೂವತ್ತೆರಡನೆಯ ದಿನ ಎನ್ನುತ್ತಿದ್ದಾರೆ. ಕಾರ್ಯದರ್ಶಿ ಕಂಪ್ಯೂಟರು ತೆರೆದರು. ಅರ್ಜಿ ಇತ್ತು, ಮೊಹರು ಇರಲಿಲ್ಲ.

ಸುದ್ದಿ ತಿಳಿದು ಅಕ್ಕ ಅಂದೇ ಗುಜರಿಗೆ ಓಡಿದರು. ಎಂಬತ್ತೆಂಟು ಚೀಲ ಆಗಲೇ ಕಾಗದದ ಗಿರಣಿಗೆ ಹೋಗಿತ್ತು. ಉಳಿದ ಇನ್ನೂರ ಹನ್ನೆರಡನ್ನು ಕಾಡಿ ಬೇಡಿ ತಡೆದರು. ಅಂದಿನಿಂದ ಅಂಗಡಿ ತೆರೆಯುವ ಮುನ್ನ ದಿನಕ್ಕೆ ಎರಡು ಚೀಲ. ಬಹುಪಾಲು ಗಂಜಿಯಾಗಿರುತ್ತದೆ; ಮುನ್ನೂರು ಹಾಳೆ ಉಳಿದರೆ ಆರುನೂರು ಫೋಟೊ. ಪ್ರತಿಯೊಂದಕ್ಕೂ ಮೊಕದ್ದಮೆಯ ಸಂಖ್ಯೆ, ಪುಟ, ಹಿಂದೆಯೋ ಮುಂದೆಯೋ ಎಂದು ಹೆಸರು ಕೊಟ್ಟು ಸಂಬಂಧಪಟ್ಟ ವಕೀಲರ ಮೊಬೈಲಿಗೆ ಸೇರಿಸುತ್ತಾರೆ. ಇಪ್ಪತ್ತೇಳು ವಕೀಲರು ಮತ್ತೆ ವಾದಕ್ಕೆ ನಿಂತಿರುವುದು ಇವುಗಳ ಬಲದಿಂದ. ಹುಡುಕುವುದನ್ನು ಕಲಿಸಿದ್ದೂ ಅಕ್ಕನೇ. "ಕೋರ್ಟಲ್ಲಿ ಹುಲಿ, ಮೊಬೈಲ್ ಕೈಗೆ ಕೊಟ್ರೆ ಬೆಕ್ಕಿನ ಮರಿ" ಎಂದು ಒಬ್ಬ ಹಿರಿಯರ ಬಗ್ಗೆ ನಗುತ್ತಾರೆ.

ಈಗ ಕಾರ್ಯದರ್ಶಿಯೂ ಬೆಳಿಗ್ಗೆ ತೋಳು ಮಡಚಿ ಶೆಡ್ಡಿಗೆ ಬರುತ್ತಾರೆ. ನಿನ್ನೆ ಹಿಂಬದಿ ನೋಡದೆ ಒಂದು ಹಾಳೆಯನ್ನು ಪಕ್ಕಕ್ಕಿಟ್ಟರು. ಅಕ್ಕನ ಕೈ ನಿಂತಿತು.

"ತಿರುಗ್ಸಿ ಸಾರ್. ಅವತ್ತೂ ಇದನ್ನೇ ಹೇಳಿದ್ದು."

ಅವರು ತಿರುಗಿಸಿದರು. ಖಾಲಿಯಿತ್ತು.

ನಿಮಗೇನು ಬೇಕು ಎಂದರೆ ಅಕ್ಕ ಯೋಚಿಸುತ್ತಾರೆ. "ಸನ್ಮಾನ ಬೇಡ. ಆ ಫಲಕ ತೆಗೀಲಿ. ಆಮೇಲೆ ಆ ಆಯಾಮ್ಮನ ಕಾಗದ ಸಿಗ್ಲಿ, ಸಾಕು."

ವಿಚಾರಣೆಗೆ ಎಂಟು ದಿನವಿದೆ. ಉಳಿದಿರುವುದು ನಲವತ್ತೊಂದು ಚೀಲ. ದಿನಕ್ಕೆ ಎರಡರಂತೆ ಹದಿನಾರಷ್ಟೇ ಆಗುತ್ತವೆ. ಆ ಹಾಳೆ ಇನ್ನೂ ಬಿಚ್ಚದ ಚೀಲದಲ್ಲಿದೆಯೋ, ಗಿರಣಿಗೆ ಹೋದ ಎಂಬತ್ತೆಂಟರಲ್ಲಿತ್ತೋ, ಅಕ್ಕನಿಗೆ ಗೊತ್ತಿಲ್ಲ, ವಕೀಲರಿಗೆ ಗೊತ್ತಿಲ್ಲ. ಇದನ್ನು ಬರೆದ ಕೈಗೂ ಗೊತ್ತಿಲ್ಲ.