ಖರೆ ಎಷ್ಟು ದಿನವಾ?

ಹೊಟ್ಟೆ ಮುಟ್ಟುವ ಮುಂಚೆ ಅವರು ಎರಡೂ ಅಂಗೈ ಗಸಗಸ ತಿಕ್ಕಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಬಳೆಗಳನ್ನು ಮೇಲಕ್ಕೇರಿಸಿ, ಕಣ್ಣು ಮುಚ್ಚಿ, ಒಳಗಿನ ಮಾತು ಕೇಳಿಸಿಕೊಳ್ಳುವವರ ಹಾಗೆ ಒತ್ತಿ ನೋಡುತ್ತಿದ್ದರು. ರಾಯಬಾಗದಲ್ಲಿ ನಮಗೆಲ್ಲ ಅವರು ಡಾಕ್ಟರಬಾಯಿ. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಅವರ ಬಗ್ಗೆ ಬರೆಯಲು ಕುಳಿತರೆ ಕೈಗಿಂತ ಮನಸ್ಸೇ ಮುಂದೆ ಓಡುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗದಿದ್ದ ನನ್ನ ಸೊಸೆ ಕಬ್ಬಿನ ಹೊಲದಲ್ಲಿ ಕಣ್ಣು ಕತ್ತಲೆ ಬಂದು ಕುಸಿದಳು. ಅವರ ಬಳಿ ಕರೆದೊಯ್ದೆ.

"ಮುಟ್ಟು ಎಷ್ಟು ದಿನ ಇರತೈತಿ?"

ಸೊಸೆಗಿಂತ ಮೊದಲು ನಾನೇ ಅಂದೆ: "ನಾಕ ದಿನಾರಿ. ಐದನೇ ದಿನಕ್ಕ ತಲಿಮ್ಯಾಲ ನೀರು ಹಾಕ್ಕೊಂಡು ಒಳಗ ಬರತಾಳ." ಮುಟ್ಟಾದವರು ಪಡಸಾಲೆಯ ಮೂಲೆಯಲ್ಲಿ ಬೇರೆ ಕೂಡುವುದು ನಮ್ಮ ಮನೆಯ ಪದ್ಧತಿ. ಯಾರದು ಎಷ್ಟು ದಿನ ಅನ್ನುವುದು ಮನೆಮಂದಿಗೆಲ್ಲ ಗೊತ್ತು.

ಅವರು ಸೊಸೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬಿಳಿಚಿತ್ತು. "ಅತ್ತಿಯಾರ, ನೀವು ಹೊರಗ ಹೋಗಿ ಚಾ ಕುಡದು ಬರ್ರಿ. ನಿಮ್ಮ ಬಾಯಿಗೂ ಒಂದು ಕೆಲಸ ಆಗತೈತಿ."

ಚಹಾ ಯಾರಿಗೆ ಬೇಕಿತ್ತು! ಬಾಗಿಲ ಆಚೆಯೇ ನಿಂತೆ. ಒಳಗೆ ಮೆಲುದನಿ: "ಈಗ ಹೇಳು. ಖರೆ ಎಷ್ಟು ದಿನವಾ?"

ಸೊಸೆ ಅಳತೊಡಗಿದಳು. "ಹತ್ತು ಹನ್ನೆರಡು ದಿನ ಹೋಗತೈತ್ರಿ. ಅಷ್ಟು ದಿನ ಮೂಲ್ಯಾಗ ಕುಂತ್ರ ರೊಟ್ಟಿ ಯಾರು ಬಡೀಬೇಕ್ರಿ? ಸುಮ್ಮನ ಜಳಕಾ ಮಾಡಿ ಒಳಗ ಬಂದಬಿಡತೀನಿ."

ಡಾಕ್ಟರಬಾಯಿ ಹೊಟ್ಟೆ ಒತ್ತಿ ನೋಡಿ, ಸ್ಕ್ಯಾನಿಂಗ್ ಮಾಡಿಸಲು ಮಿರಜಕ್ಕೆ ಕಳಿಸಿದರು. ರೈಲಿನಲ್ಲಿ ಹೋಗಿ ಬಂದೆವು. ಗರ್ಭಚೀಲದಲ್ಲಿ ಗಡ್ಡೆ. "ಕ್ಯಾನ್ಸರ್ ಅಲ್ಲ, ಹೆದರಬ್ಯಾಡ್ರಿ. ಇಂಥಾ ಗಡ್ಡಿ ಭಾಳ ಹೆಣ್ಮಕ್ಕಳಿಗೆ ಇರತೈತಿ," ಅಂದರು.

ನಮ್ಮ ಮನೆಯಲ್ಲೇ ಇದ್ದ ನನ್ನ ಅಕ್ಕ ಮಾತ್ರ ಹಟ ಹಿಡಿದಳು: "ಚೀಲಾನ ತಗಿಸಿಬಿಡ್ರಿ, ಪೀಡಾ ಹೋಗತೈತಿ. ಮಗಗ ಇನ್ನೊಂದು ಹೆಣ್ಣು ನೋಡಿದ್ರಾತು."

ಅದು ಕಿವಿಗೆ ಬಿದ್ದಾಗ ಡಾಕ್ಟರಬಾಯಿ ನಕ್ಕರು. "ಒಬ್ಬ ಬಾಡಿಗಿದಾರ ಹೊಕ್ಕಾನಂತ ಮನೀನ ಕೆಡವತೀರೇನು? ಬೆಳಿಯಾಕತ್ತಾನೋ ಇಲ್ಲೋ ಕಣ್ಣಿಟ್ಟು ನೋಡೂಣು. ಇಕಿ ಗುಳಿಗಿ ತಗೊಳ್ಳಲಿ. ರೊಟ್ಟಿ ನೀವು ಬಡೀರಿ, ಅತ್ತಿಯಾರ!"

ಬಡಿದೆ. ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದೆವು. ಅಂಗೈ ತಿಕ್ಕಿ, ಒತ್ತಿ ನೋಡಿ, "ಇದ್ದಷ್ಟ ಅದಾನ ಬಾಡಿಗಿದಾರ," ಅನ್ನುವವರೆಗೆ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸೊಸೆಯ ಮುಖಕ್ಕೆ ಮೆಲ್ಲಗೆ ಕಳೆ ಬಂತು.

ಒಂದು ಸಲ ಆ ಕೈ ಹೊಟ್ಟೆಯ ಮೇಲೇ ನಿಂತಿತು.

"ಬೆಳದೈತೇನ್ರಿ?" ಅಂದೆ.

"ಹೂಂ, ಬೆಳಿಯಾಕತ್ತೈತಿ. ಗಡ್ಡಿ ಅಲ್ಲ, ಕೂಸು!"

ಅಲ್ಲೇ ಅವರ ಕಾಲು ಹಿಡಿಯಹೋದೆ, ಬೈಸಿಕೊಂಡೆ. ಒಂಬತ್ತೂ ತಿಂಗಳು ಕೂಸನ್ನೂ ಗಡ್ಡೆಯನ್ನೂ ಕಾದರು. ಮೊಮ್ಮಗಳನ್ನು ನನ್ನ ಮಡಿಲಿಗೆ ಹಾಕಿ, "ಬಾಡಿಗಿದಾರ ಸರದು ಜಾಗಾ ಕೊಟ್ಟಾನ," ಅಂದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ದೇವರಿಗೇ ಗೊತ್ತು.

ಡಾಕ್ಟರಬಾಯಿ ತೀರಿಕೊಂಡ ಮರುವರ್ಷ ಮೊಮ್ಮಗಳು ದೊಡ್ಡವಳಾದಳು. ಅಕ್ಕ ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಸಿದಳು. ನಾನು ಹುಡುಗಿಯನ್ನು ಕೈಹಿಡಿದು ಒಳಗೆ, ಒಲೆಯ ಪಕ್ಕ ಮಲಗಿಸಿದೆ. ಎರಡೂ ಅಂಗೈ ಗಸಗಸ ತಿಕ್ಕಿ ಅವಳ ಹೊಟ್ಟೆಯ ಮೇಲಿಟ್ಟೆ.

"ಎಷ್ಟು ಬೆಚ್ಚಗ ಅದಾವ ಆಯಿ, ನಿನ್ನ ಕೈ!" ಅಂದಳು.

ಈ ಕೈ ನನ್ನದಲ್ಲ, ಮಗಾ.