ಅಳದ ಅಕ್ಕೋರು

ಉಣಕಲ್ಲಿನ ಆ ನಿವೃತ್ತ ಶಿಕ್ಷಕಿಯನ್ನು ಓಣಿಯವರೆಲ್ಲ ಅಕ್ಕೋರು ಅಂತಿದ್ದೆವು. ನಾನು ಅವರ ಸೋಫಾಕ್ಕೆ ಹೊಸ ಬಟ್ಟೆ ಹಾಕುವಾಗ ಅವರು ಟಿವಿಯಲ್ಲಿ ಅಮೆರಿಕದ ಕಪ್ಪು ಜನರ ಶ್ರೀಮಂತ ಮನೆತನವೊಂದರ ನಗೆ ಧಾರಾವಾಹಿ ನೋಡುತ್ತಿದ್ದರು. ದೊಡ್ಡ ಬಂಗಲೆ, ಫ್ರಿಜ್ಜಿನ ಬಾಗಿಲು ಯಾರು ತೆಗೆದಿಟ್ಟರು ಅಂತ ಮನೆಮಂದಿಯೆಲ್ಲ ಜಗಳ.

"ನೋಡ್ರಿ ಮೇಸ್ತ್ರಿ," ಅಂತ ತೊಡೆ ತಟ್ಟಿ ನಗುತ್ತಿದ್ದರು. "ನಮ್ಮ ಕೇರಿ ಮಂದಿನ್ನ ಟಿವಿಯೊಳಗ ತಂದ್ರ ಅಳಿಸೇ ತೋರಿಸ್ತಾರ. ಇವರಿಗೆ ಬರೇ ಫ್ರಿಜ್ಜಿಂದ ಚಿಂತಿ. ಎಷ್ಟ ಛಲೋ ಐತಿ."

ಒಂದು ದಿನ, ದಲಿತ ಕೇರಿಯಿಂದ ಬಂದು ಶಿಕ್ಷಕಿಯಾದ ಅಕ್ಕೋರ ಸಾಧನೆ ತೋರಿಸಲು ಚಾನೆಲ್ಲಿನವನೊಬ್ಬ ಕ್ಯಾಮೆರಾ ಹಿಡಿದು ಬಂದ.

"ಬಡತನ ನೆನಸಿಕೊಂಡು ಒಂಚೂರು ಅಳ್ರಿ ಅಕ್ಕೋರ," ಅಂದ.

"ಸೋಫಾದ ಬಟ್ಟಿ ಹೊಸಾದೈತ್ರಿ, ಕಣ್ಣೀರಿನ ಕಲಿ ಬೀಳ್ತಾವ," ಅಂದರು ಅಕ್ಕೋರು.

ನೆಲದ ಮೇಲೆ ಕೂತು ಸೋಫಾದ ಜೋಡಿ ಕುರ್ಚಿಗೆ ಮೊಳೆ ಹೊಡೆಯುತ್ತಿದ್ದ ನನ್ನ ಕಡೆ ಅವನು ತಿರುಗಿದ. "ಹಂಗಾರ ನಿಮ್ಮ ಕಷ್ಟಾನರ ಹೇಳ್ರಿ ಕಾಕಾ."

ಸಾಲಿ ಬಿಟ್ಟಾಗಿನಿಂದ ದುಡಿದು ತಿಂದವ ನಾನು, ಸಿಟ್ಟು ಬಂತು. ಬಾಯಿ ತೆಗೆಯುವುದರೊಳಗೆ ಅಕ್ಕೋರು ಸೋಫಾದ ಮೇಲೆ ಸರಿದು ಜಾಗ ಮಾಡಿದರು.

"ಮ್ಯಾಲ ಬರ್ರಿ ಮೇಸ್ತ್ರಿ. ಕಾಲ ಮ್ಯಾಲ ಕಾಲ ಹಾಕ್ಕೊಂಡು ಕೂಡ್ರಿ. ಈಗ ತೋರಿಸ್ಲಿ."

ಕೂತೆ. ಇಷ್ಟು ವರ್ಷ ಸೋಫಾ ಮಾಡಿದರೂ ಗಿರಾಕಿಯ ಮನೆಯಲ್ಲಿ ಅದರ ಮೇಲೆ ಕೂತದ್ದು ಅದೇ ಮೊದಲು. ನಾನೇ ಹಾಕಿದ ಸ್ಪ್ರಿಂಗು ಚುಚ್ಚುತ್ತಿತ್ತು. ಕ್ಯಾಮೆರಾ ಹೋಗುವವರೆಗೂ ನಗುತ್ತಲೇ ಕೂತಿದ್ದೆ.