ಟವೆಲಿನಲ್ಲಿ ಸುತ್ತಿದ ಬಿ.ಕಾಂ.

ಬೆಳಿಗ್ಗೆ ಕಪಾಟು ತೆರೆದದ್ದೇ ನ್ಯಾಫ್ತಲೀನ್ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು ನೋಡಿ, ಹಳೆಯ ಶಾಕ್ ಒಂದು ಮತ್ತೆ ಮೈಗೆ ಬಂತು.

ಹಂಗಾರಕಟ್ಟೆಯಲ್ಲಿ ನಮ್ಮ ಪಕ್ಕದ ಮನೆ ಗಿರಿಜೆಯದು. ಮೀನು ಮಾರಿ ಮಗಳು ರೇವತಿಯನ್ನು ಬಿ.ಕಾಂ. ಮಾಡಿಸಿದವಳು. ಮಗಳು ಕುಂದಾಪುರದ ಸ್ಟುಡಿಯೋದಲ್ಲಿ ಬಾಡಿಗೆಯ ಕರಿ ಗೌನು, ಟೋಪಿ ತೊಟ್ಟು ತೆಗೆಸಿದ ಪಟವನ್ನು ಊರಿಗೆಲ್ಲ ತೋರಿಸಿದ್ದಳು. ಅದೇ ಗಿರಿಜೆ ವರ್ಷಗಳ ಹಿಂದೆ ಒಂದು ಸಂಜೆ ಆ ಪಟವನ್ನು ಟವೆಲಿನಲ್ಲಿ ಸುತ್ತಿ ನನ್ನಲ್ಲಿಗೆ ತಂದಳು.

“ಅಮ್ಮ, ನಾಳೆ ಗಂಡಿನ್ ಕಡಿಯರ್ ಬತ್ರ್. ಇದ್ ನಿಮ್ಮಲ್ಲ್ ಇರ್ಲಿ. ಗಂಡ್ ಎಸ್ಸೆಸ್ಸೆಲ್ಸಿ. ಹೆಣ್ಣ್ ಹೆಚ್ಚ್ ಓದಿತ್ ಅಂದ್ರೆ ಎದ್ದ್ ಹೋತ್ರ್.”

ನಮ್ಮ ಕಾನ್ವೆಂಟಿನಲ್ಲಿ ರ‍್ಯಾಂಕ್ ಬಂದವರ ಫೋಟೋವನ್ನು ಗೇಟಿನ ಎದುರಿಗೇ ತೂಗುಹಾಕುತ್ತಿದ್ದರು. ಓದಿದ್ದನ್ನು ಕಳ್ಳಮಾಲಿನಂತೆ ಅಡಗಿಸುವುದೂ ಉಂಟೆಂದು ಸಿಸ್ಟರುಗಳು ಹೇಳಿಕೊಟ್ಟಿರಲಿಲ್ಲ. ಆದರೂ ಪಟವನ್ನು ಕಪಾಟಿನ ಸೀರೆಗಳ ಅಡಿಗೆ ತಳ್ಳಿದೆ. ನನ್ನದೇ ಬಿ.ಎ. ಸರ್ಟಿಫಿಕೇಟು ಮದುವೆಯಾದಂದಿನಿಂದ ಅಲ್ಲೇ ಮಲಗಿತ್ತು. ಅದಕ್ಕೊಂದು ಕಂಪೆನಿ ಸಿಕ್ಕಿತು.

ಮರುದಿನ ನಾನೂ ಹೋಗಿ ಕೂತೆ. ಗಂಡಿಗೆ ಸ್ವಂತ ಐಸ್ ಪ್ಲಾಂಟು. “ಎಂತ ಓದಿದ್ದ್?” ಎಂದ. ಗಿರಿಜೆ “ಪಿಯುಸಿ” ಅನ್ನುವಷ್ಟರಲ್ಲಿ ರೇವತಿ ಟೀ ತಟ್ಟೆ ಕೆಳಗಿಟ್ಟು, “ಬಿ.ಕಾಂ. ಪಟ ಇವ್ರ ಕಪಾಟಲ್ಲಿತ್ತ್” ಎಂದು ನನ್ನತ್ತ ಕೈ ತೋರಿಸಿಬಿಟ್ಟಳು. ನಾನು ಟೀ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದೆ.

ಗಂಡು ಎದ್ದು ಹೋಗಲಿಲ್ಲ. ಮುಖ ಅರಳಿಸಿದ. “ಒಳ್ಳೇದೇ ಆಯ್ತ್. ಪ್ಲಾಂಟಿನ್ ಲೆಕ್ಕ ಕಾಂಬುಕೆ ಒಬ್ರ್ ಬೇಕಿತ್ತ್.”

“ಸಂಬಳ ಎಷ್ಟ್ ಕೊಡ್ತ್ರಿ?” ಎಂದಳು ರೇವತಿ.

“ಹೆಂಡ್ತಿಗೆ ಎಂತ ಸಂಬಳ?”

“ಹಾಂಗಾರೆ ಮದಿ ಬೇಡ, ಕೆಲ್ಸ ಕೊಡಿ.”

ಗಂಡು ಎದ್ದು ಹೋದದ್ದು ಆಗ. ಆದರೆ ಮಳೆಗಾಲ ಕಳೆದು ಬೋಟುಗಳು ಕಡಲಿಗಿಳಿದಾಗ ಅವನೇ ಹೇಳಿಕಳಿಸಿದ, ಕೆಲಸಕ್ಕೆ. ಈಗ ರೇವತಿ ಅಲ್ಲಿ ಮ್ಯಾನೇಜರ್. ಪಟ ಅವಳ ಕುರ್ಚಿಯ ಹಿಂದಿನ ಗೋಡೆಯಲ್ಲಿದೆ.

ಡಿಗ್ರಿ ವರ್ತ್ ಆಯಿತೋ ಇಲ್ಲವೋ, ನೀವೇ ಹೇಳಿ. ಗಿರಿಜೆಯ ಉತ್ತರವಂತೂ ಇಂದು ಬೆಳಿಗ್ಗೆ ಬಂತು, ಟವೆಲಿನಲ್ಲಿ ಸುತ್ತಿಕೊಂಡು. ಇನ್ನೊಂದು ಪಟ: ಆಗ ಲಂಗ ಹಾಕಿ ಓಡಾಡುತ್ತಿದ್ದ ಅವಳ ಕಿರಿಮಗಳು, ಈಗ ಗೌನಿನಲ್ಲಿ.

“ದೊಡ್ಡದಕ್ಕೆ ಕೆಲ್ಸ ಆಯ್ತ್, ಮದಿ ಆಯ್ತಾ ಅಮ್ಮ? ಈ ಪಟ ಆದ್ರೂ ನಿಮ್ಮಲ್ಲ್ ಇರ್ಲಿ.”

ಇಷ್ಟು ವರ್ಷವಾದ ಮೇಲೂ! ಕಪಾಟು ತೆರೆದೆ. ಅರ್ಧಕ್ಕರ್ಧ ಖಾಲಿ. “ಜಾಗ ಇಲ್ಲ ಗಿರಿಜಾ” ಎಂದೆ, ಸಿಸ್ಟರುಗಳು ಕ್ಷಮಿಸಲಿ.

ಅವಳು ಮುಖ ಊದಿಸಿ ಪಟ ಎತ್ತಿಕೊಂಡು ಹೊರಟಳು. ಟವೆಲು ನನ್ನ ಕುರ್ಚಿಯ ಮೇಲೇ ಉಳಿಯಿತು. ಕರೆದು ಕೊಡಲಿಲ್ಲ. ಪಟದೊಳಗಿನ ಗೌನಿನ ಹುಡುಗಿ ದಾರಿಯುದ್ದಕ್ಕೂ ಎಲ್ಲರನ್ನೂ ನೋಡುತ್ತ ಮನೆಗೆ ಹೋದಳು.